ಅತ್ತಿಗೆ ಹಾಕಿದ ತೇಪೆ

ನನ್ನ ಅತ್ತಿಗೆಗೆ ಕೂತುಕೊಳ್ಳುವುದು ಬರುವುದಿಲ್ಲ. ಕೆಲವರಿಗೆ ಈಜು ಬರುವುದಿಲ್ಲ, ಕೆಲವರಿಗೆ ಸೈಕಲ್ ಬರುವುದಿಲ್ಲ, ಇವಳಿಗೆ ಕುರ್ಚಿ ಬರುವುದಿಲ್ಲ. ಮದುವೆಯಾಗಿ ನಮ್ಮ ಮನೆಗೆ ಬಂದ ಮೊದಲ ವಾರವೇ ಅಮ್ಮ ಅಣ್ಣನನ್ನು ಪಕ್ಕಕ್ಕೆ ಕರೆದು, "ಇವಳಿಗೆ ನಮ್ಮನೆ ಹಿಡಿಸಿಲ್ವೇನೋ? ಹೊರಡೋಳ ಹಾಗೆ ನಿಂತೇ ಇರ್ತಾಳಲ್ಲ" ಎಂದು ಕೇಳಿದ್ದಳು. ಹಿಡಿಸದೆ ಏನೂ ಇರಲಿಲ್ಲ. ಅವಳು ನಿಂತೇ ಉಣ್ಣುತ್ತಾಳೆ, ನಿಂತೇ ಪೇಪರ್ ಓದುತ್ತಾಳೆ. ಒಲೆಯ ಮೇಲೆ ಹಾಲಿಟ್ಟು ಬಟ್ಟೆ ಒಣಹಾಕಲು ಹೋಗುತ್ತಾಳೆ, ಅಲ್ಲಿಂದ ಬೀದಿಗೆ ಇಣುಕುತ್ತಾಳೆ, ಬೀದಿಯಲ್ಲಿ ಸಿಕ್ಕವರೊಂದಿಗೆ ನಾಲ್ಕು ಮಾತಾಡಿ ಹಾಲು ಉಕ್ಕುವ ಸರಿಯಾದ ಹೊತ್ತಿಗೆ ಒಲೆಯ ಮುಂದೆ ಹಾಜರಾಗುತ್ತಾಳೆ. ನಾನು ಇದಕ್ಕೆ ತದ್ವಿರುದ್ಧ. ಒಮ್ಮೆ ಕೂತೆನೆಂದರೆ ನನ್ನನ್ನು ಎಬ್ಬಿಸಲು ಇಬ್ಬರು ಬೇಕು. ಒಂದೇ ಸೂರಿನಡಿ ನಾವಿಬ್ಬರೂ ಹದಿನಾಲ್ಕು ವರ್ಷ ಹೇಗೆ ಬಾಳಿದೆವೋ ಅಣ್ಣನಿಗೇ ಗೊತ್ತು.

ಕೂರಲಾರದವಳಿಗೆ ಸಿಕ್ಕ ಕೆಲಸಗಳೆಲ್ಲ ಕೂರುವಂಥವೇ. ಬಸ್ ನಿಲ್ದಾಣದ ಟಿಕೆಟ್ ಕಿಟಕಿಯಲ್ಲಿ ಮೂರು ತಿಂಗಳು. ಔಷಧಿ ಅಂಗಡಿಯ ಗಲ್ಲೆಯಲ್ಲಿ ಐದು ವಾರ. ಗಾಜಿನ ಬಾಟಲಿ ಕಾರ್ಖಾನೆಯಲ್ಲಿ ಬಿರುಕು ಹುಡುಕುವ ಕೆಲಸಕ್ಕೆ ಸೇರಿ ಒಂಬತ್ತನೇ ದಿನ, "ಬಾಟಲಿಗಳು ಹೋಗ್ತಾನೇ ಇವೆ, ನಾನು ಮಾತ್ರ ಅಲ್ಲೇ ಇದ್ದೀನಿ" ಎಂದು ಹೇಳಿ ಮನೆಗೆ ಬಂದಳು. ಹಾಗಾಗಿ ಒಂದು ದಿನ ಅವಳು, "ರಸ್ತೆ ಎಣಿಸೋ ಕೆಲಸ ಸಿಕ್ಕಿದೆ, ದಿನಕ್ಕೆ ಹತ್ತು ಗಂಟೆ ಮಡಚೋ ಕುರ್ಚಿ ಮೇಲೆ ಕೂರಬೇಕು, ನೀನೂ ಬಾ" ಎಂದಾಗ ನಾನು ನಕ್ಕುಬಿಟ್ಟೆ. ಆಮೇಲೆ ಯಾವ ಚೌಕ ಎಂದು ಕೇಳಿದೆ. ಅವಳು ಹೇಳಿದಳು. ನನ್ನ ನಗು ನಿಂತಿತು.

ಆ ಚೌಕದ ಒಂದು ಬದಿಯಲ್ಲಿ ಪಾರ್ಶ್ವವಾಯು ಬಡಿದವರಿಗೆ ಕೈಕಾಲಿನ ವ್ಯಾಯಾಮ ಮಾಡಿಸುವ ಕೇಂದ್ರವಿದೆ. ಎದುರು ಬದಿಯಲ್ಲಿ ಬಸ್ ನಿಲ್ದಾಣ. ಅತ್ತಿಗೆಯ ಅಪ್ಪ ವಾರದಲ್ಲಿ ಐದು ದಿನ ಅಲ್ಲಿಗೆ ಹೋಗುತ್ತಿದ್ದರು. ಅವರನ್ನು ನಾನೂ ಮಾವ ಎಂದೇ ಕರೆಯುವುದು. ಮಾವ ಮೂವತ್ತೊಂದು ವರ್ಷ ನಗರದ ಬಸ್ ಓಡಿಸಿದವರು. ಅತ್ತಿಗೆ ಚಿಕ್ಕವಳಾಗಿದ್ದಾಗ ಶಾಲೆ ಬಿಟ್ಟೊಡನೆ ಅವರ ಬಸ್ ಹತ್ತಿ, ಚಾಲಕರ ಸೀಟಿನ ಹಿಂದಿನ ಕಂಬಿ ಹಿಡಿದು ನಿಂತು, ಹತ್ತಿದವರನ್ನೂ ಇಳಿದವರನ್ನೂ ಎಣಿಸುತ್ತಿದ್ದಳಂತೆ. ಒಂದೂವರೆ ವರ್ಷದ ಹಿಂದೆ ಒಂದು ಬೆಳಿಗ್ಗೆ ಮಾವನ ಎಡಗೈಯಿಂದ ಲೋಟ ಜಾರಿ ಬಿತ್ತು. ಅಂದಿನಿಂದ ಎಡಗಾಲು ಎಳೆಯುತ್ತದೆ, ಬಾಯಿಯ ಒಂದು ಮೂಲೆ ಸ್ವಲ್ಪ ಕೆಳಗಿದೆ. ಸಿಡುಕು ಮಾತ್ರ ಹಾಗೇ ಇದೆ. ಜೊತೆಗೆ ಯಾರಾದರೂ ಬರುತ್ತೇವೆಂದರೆ, "ಊರನ್ನೇ ದಾಟಿಸಿದೋನು ನಾನು, ನನಗೆ ರಸ್ತೆ ದಾಟಿಸಕ್ಕೆ ಬರ್ತೀರಾ?" ಎಂದು ರೇಗುತ್ತಿದ್ದರು.

ಆ ಚೌಕದಲ್ಲಿ ಕೆಲಸವೆಂದರೆ ಮಗಳು ಯಾಕೆ ಬಿಟ್ಟಾಳು? ಮಡಚುವ ಕುರ್ಚಿಯಲ್ಲ, ಮುಳ್ಳಿನ ಮೇಲೆ ಕೂರಬೇಕೆಂದಿದ್ದರೂ ಒಪ್ಪುತ್ತಿದ್ದಳು.

ಕೆಲಸ ಏನೆಂದು ಹೇಳಿಬಿಡುತ್ತೇನೆ. ಐದು ದೇಶಗಳ ಐದು ವಿಶ್ವವಿದ್ಯಾಲಯಗಳು ಸೇರಿ ಬುದ್ಧಿವಂತ ಸಿಗ್ನಲ್ ಮಾಡಲು ಹೊರಟಿದ್ದವು. ಈಗಿರುವ ಸಿಗ್ನಲ್ ದಡ್ಡ, ರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲದಿದ್ದರೂ ಕೆಂಪು ತೋರಿಸಿಕೊಂಡು ನಿಂತಿರುತ್ತದೆ. ಹೊಸದು ಕಂಬದ ಮೇಲಿನ ಕ್ಯಾಮೆರಾದಿಂದ ರಸ್ತೆಯನ್ನು ನೋಡಿ, ಯಾರಿಗೆ ಎಷ್ಟು ಹೊತ್ತು ದಾರಿ ಬಿಡಬೇಕೆಂದು ತಾನೇ ತೀರ್ಮಾನಿಸುತ್ತದೆ. ಆದರೆ ಯಂತ್ರ ನೋಡಿದ್ದು ಸರಿಯೋ ತಪ್ಪೋ ಎಂದು ಯಾರು ಹೇಳಬೇಕು? ನಾವು. ಯಂತ್ರ ಮೇಲೆ ಎಣಿಸುತ್ತಿರುವಾಗಲೇ ಕೆಳಗೆ ಮನುಷ್ಯರೂ ಎಣಿಸಬೇಕು. ಎರಡೂ ತಾಳೆಯಾದರೆ ಯಂತ್ರ ಪಾಸು, ಆಗದಿದ್ದರೆ ಯಂತ್ರಕ್ಕೆ ತಿದ್ದುಪಡಿ. ದಾರಿಹೋಕರ ಮುಖ ಉಳಿಸಿಕೊಳ್ಳಬಾರದೆಂಬ ನಿಯಮವಿದ್ದುದರಿಂದ ಕ್ಯಾಮೆರಾದ ಚಿತ್ರ ಕೂಡಲೇ ಅಳಿಸಿಹೋಗಿ ಅಂಕಿ ಮಾತ್ರ ಉಳಿಯುತ್ತಿತ್ತು. ಆದ್ದರಿಂದ ಐದು ದೇಶಗಳ ಪಂಡಿತರ ಪಾಲಿಗೆ ನಮ್ಮ ಹಾಳೆಯೇ ಸತ್ಯ. ತಮಾಷೆಯಲ್ಲ, ಅದರ ಮೇಲ್ಭಾಗದಲ್ಲಿ ಹಾಗೆಂದೇ ಅಚ್ಚಾಗಿತ್ತು: ಸತ್ಯಪಟ್ಟಿ.

ಹಾಳೆಯಲ್ಲಿ ಹದಿನೈದು ನಿಮಿಷಕ್ಕೊಂದು ಸಾಲು. ಕೇಂದ್ರದ ಬದಿಯಲ್ಲಿ ಕೂತ ನನ್ನದು ವಾಹನಗಳ ಲೆಕ್ಕ. ಎದುರಿಗೆ, ಬಸ್ ನಿಲ್ದಾಣದ ಬದಿಯಲ್ಲಿ ಕೂತ ಅತ್ತಿಗೆಯದು ನಡೆದು ದಾಟುವವರ ಲೆಕ್ಕ: ಎಷ್ಟು ಜನ, ಅವರಲ್ಲಿ ನಿಧಾನದವರೆಷ್ಟು, ಮಧ್ಯದಲ್ಲಿ ಸಿಕ್ಕಿಕೊಂಡವರೆಷ್ಟು. ತೊಡೆಯ ಮೇಲಿನ ಹಲಗೆಗೆ ಒತ್ತುವ ಗುಂಡಿಗಳನ್ನು ಜೋಡಿಸಿರುತ್ತಾರೆ. ಒತ್ತಿದಾಗಲೆಲ್ಲ ಕಟಕ್ ಎಂದು ಒಂದು ಅಂಕಿ ಏರುತ್ತದೆ. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೂತಿರಬೇಕು. ಏಳುವಂತಿಲ್ಲ, ಮಾತಾಡುವಂತಿಲ್ಲ, ರಸ್ತೆಗೆ ಇಳಿಯುವಂತಂತೂ ಇಲ್ಲವೇ ಇಲ್ಲ.

ಆದರೆ ಮನುಷ್ಯರೆಂದ ಮೇಲೆ ಏಳದಿರುವುದು ಹೇಗೆ? ಅದಕ್ಕೆ ನಮ್ಮ ಮೇಲ್ವಿಚಾರಕರು ಒಂದು ಉಪಾಯ ಕಲಿಸಿಕೊಟ್ಟಿದ್ದರು. ಅವರನ್ನು ನಾವೆಲ್ಲ ಸರಾಸರಿ ಮೇಷ್ಟ್ರು ಎನ್ನುತ್ತಿದ್ದೆವು. ಇಪ್ಪತ್ತೆರಡು ವರ್ಷ ಈ ರಸ್ತೆ ಆ ರಸ್ತೆ ಎಂದು ಎಣಿಸಿ ಎಣಿಸಿ ಮುಖವೇ ಹಾಳೆಯ ಹಾಗಾಗಿದ್ದ ಮನುಷ್ಯ. ಊಟಕ್ಕೋ ಬಚ್ಚಲಿಗೋ ಎದ್ದು ಹೋಗಿ ಒಂದು ಸಾಲು ಖಾಲಿ ಬಿದ್ದರೆ, ಅದರ ಹಿಂದಿನ ಸಾಲನ್ನೂ ಮುಂದಿನ ಸಾಲನ್ನೂ ಕೂಡಿಸಿ, ಅರ್ಧ ಮಾಡಿ ತುಂಬಬೇಕು. ನಾವು ಇದಕ್ಕೆ ತೇಪೆ ಎನ್ನುತ್ತಿದ್ದೆವು. "ನೆನಪಿಂದ ಮಾತ್ರ ಬರೀಬೇಡಿ" ಎಂದು ಮೇಷ್ಟ್ರು ಬೆರಳೆತ್ತಿ ಹೇಳುತ್ತಿದ್ದರು. "ನೆನಪು ಅಂದ್ರೆ ಸುಳ್ಳು. ಸರಾಸರಿ ಅಂದ್ರೆ ಶಾಸ್ತ್ರ." ತೇಪೆ ಹಾಕದವರು ನಮ್ಮಲ್ಲಿ ಯಾರೂ ಇರಲಿಲ್ಲ. ದಿನಾ ಊಟದ ಹೊತ್ತಿಗೆ ನನ್ನದೂ ಒಂದು ತೇಪೆ ಬೀಳುತ್ತಿತ್ತು.

ಅತ್ತಿಗೆಯ ತೇಪೆ ಬೀಳುತ್ತಿದ್ದುದು ನಾಲ್ಕೂಕಾಲಕ್ಕೆ. ಆ ಹೊತ್ತಿಗೆ ಕೇಂದ್ರದ ಬಾಗಿಲು ತೆರೆದು ಹದಿನೈದು, ಹದಿನೇಳು ಜನ ಒಟ್ಟಿಗೆ ಹೊರಬರುತ್ತಿದ್ದರು. ಬಲಗೈಯನ್ನು ಎದೆಗೆ ಮಡಚಿಕೊಂಡ ದರ್ಜಿಯಮ್ಮ, ನಾಲ್ಕು ಕಾಲಿನ ಕಬ್ಬಿಣದ ಆಸರೆಯನ್ನು ಮುಂದಿಟ್ಟು ಮುಂದಿಟ್ಟು ನಡೆಯುವ ನಿವೃತ್ತ ಗುಮಾಸ್ತ, ಅವರ ಹಿಂದೆ ಕೋಲೂರಿಕೊಂಡು ಮಾವ. ದಾಟಲು ಸಿಗ್ನಲ್ ಕೊಡುತ್ತಿದ್ದುದು ಹದಿನಾಲ್ಕು ಸೆಕೆಂಡು. ಅಷ್ಟರಲ್ಲಿ ಅವರು ರಸ್ತೆಯ ಅರ್ಧ ತಲುಪಿದರೆ ಹೆಚ್ಚು. ಅತ್ತಿಗೆ ಹಲಗೆಯನ್ನು ಕುರ್ಚಿಯ ಮೇಲಿಟ್ಟು ನೆಟ್ಟಗೆ ರಸ್ತೆಯ ನಡುವೆ ಹೋಗಿ ಎರಡೂ ಕೈ ಚಾಚಿ ನಿಲ್ಲುತ್ತಿದ್ದಳು. ಬಸ್ಸು, ಲಾರಿ, ಯಾವುದೇ ಬರಲಿ, ಅವಳ ಮುಖ ನೋಡಿದರೆ ಬ್ರೇಕ್ ಹಾಕಲೇಬೇಕು. ಎಲ್ಲರೂ ದಾಟಿದ ಮೇಲೆ ಮಾವನ ಹತ್ತಿರ ಬಂದು, "ಚಹಾ ಕುಡಿಯೋಣ ಅಂತ ಎದ್ದಿದ್ದೆ ಅಪ್ಪ" ಎನ್ನುತ್ತಿದ್ದಳು. ಮಾವ, "ಹೂಂ, ಕುಡಿ ಕುಡಿ" ಎಂದು ಬಸ್ ಹತ್ತುತ್ತಿದ್ದರು. ಒಬ್ಬರಿಗೊಬ್ಬರು ಸುಳ್ಳು ಹೇಳಿಕೊಂಡು ಅಪ್ಪ ಮಗಳು ಸುಖವಾಗಿದ್ದರು.

ಆಮೇಲೆ ಅವಳು ಕುರ್ಚಿಗೆ ಬಂದು ತೇಪೆ ಹಾಕುತ್ತಿದ್ದಳು. ನಾಲ್ಕು ಗಂಟೆಯ ಸಾಲಿನಲ್ಲಿ ಐದು ಜನ, ನಾಲ್ಕೂವರೆಯ ಸಾಲಿನಲ್ಲಿ ಮೂರು ಜನ, ನಡುವೆ ನಾಲ್ಕು. ನಿಧಾನದವರು ಸೊನ್ನೆ. ಹೀಗೆ ಆರು ವಾರ ನಡೆಯಿತು.

ಎಣಿಕೆ ಮುಗಿದ ಮೇಲೆ ನಮ್ಮನ್ನೆಲ್ಲ ಕಚೇರಿಯ ಸಭಾಂಗಣಕ್ಕೆ ಕರೆದು ಬಿಸ್ಕತ್ತು ಕೊಟ್ಟರು. ದೂರದ ದೇಶದಿಂದ ಮುಖ್ಯ ಸಂಶೋಧಕಿ ಬಂದಿದ್ದಳು. ಬೂದು ಕೋಟು, ಬೆನ್ನ ಮೇಲೆ ದೊಡ್ಡ ಚೀಲ, ನೆಗಡಿಯಿಂದ ಕೆಂಪಾದ ಮೂಗು. ಅವಳ ಮಾತನ್ನು ನಮ್ಮ ಕಚೇರಿಯ ಇಂಜಿನಿಯರ್ ನಮಗೆ ತಿಳಿಯುವಂತೆ ಹೇಳುತ್ತಿದ್ದ. ಯಂತ್ರ ಚೆನ್ನಾಗಿ ಕಲಿತಿದೆ, ಆದರೆ ಒಂದು ಕಡೆ ದಿನಾ ತಪ್ಪು ಮಾಡುತ್ತಿತ್ತು ಎಂದು ಅವಳು ಪರದೆಯ ಮೇಲೆ ತೋರಿಸಿದಳು. ನಾಲ್ಕೂಕಾಲರ ಸಾಲು. ಯಂತ್ರ ಹದಿನೇಳು ಜನ, ಎಲ್ಲರೂ ತೀರಾ ನಿಧಾನ, ಎನ್ನುತ್ತಿದೆ. ಮನುಷ್ಯರ ಲೆಕ್ಕ ನಾಲ್ಕು. ಯಾಕೆ ಹೀಗೆ ಎಂದು ಮೂರ್ನಾಲ್ಕು ವಾರ ತಲೆ ಕೆಡಿಸಿಕೊಂಡು ಕೊನೆಗೆ ಕಾರಣ ಹಿಡಿದಿದ್ದರಂತೆ. ಆ ಹೊತ್ತಿಗೆ ಬಿಸಿಲು ಓರೆಯಾಗಿ ಜಾಹೀರಾತು ಫಲಕದ ನೆರಳು ರಸ್ತೆಗೆ ಬೀಳುತ್ತದೆ. ನಿಧಾನವಾಗಿ ಸರಿಯುವ ನೆರಳನ್ನು ಯಂತ್ರ ಮನುಷ್ಯರೆಂದು ತಿಳಿದಿದೆ. ಈಗ ಅದಕ್ಕೆ ಪಾಠ ಹೇಳಿದ್ದಾಗಿದೆ, ಇಷ್ಟು ನಿಧಾನವಾಗಿ ಸರಿಯುವುದು ಮನುಷ್ಯರಲ್ಲ ಎಂದು. ಇದೇ ಪಾಠ ಮುಂದಿನ ವರ್ಷ ಐದೂ ದೇಶಗಳ ಸಿಗ್ನಲ್‌ಗಳಿಗೆ ಹೋಗುತ್ತದೆ. ಈ ಚೌಕದಲ್ಲಿ ದಾಟಲು ಒಂಬತ್ತು ಸೆಕೆಂಡು ಧಾರಾಳ ಸಾಕು.

"ನಾವು ಮನುಷ್ಯರನ್ನು ನಂಬಿದೆವು" ಎಂದು ಸಂಶೋಧಕಿ ನಮ್ಮ ಕಡೆ ತಿರುಗಿ ತಲೆಬಾಗಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ಎರಡು ತಟ್ಟಿ, ಪಕ್ಕಕ್ಕೆ ತಿರುಗಿ ಅತ್ತಿಗೆಯ ಮುಖ ನೋಡಿ, ಕೈ ತೊಡೆಯ ಮೇಲಿಟ್ಟೆ. ಅವಳು ಬಿಸ್ಕತ್ತನ್ನು ಅರ್ಧ ಕಚ್ಚಿ ಹಾಗೇ ಹಿಡಿದುಕೊಂಡಿದ್ದಳು. "ನಮ್ಮಪ್ಪನ್ನ ನೆರಳು ಮಾಡಿಬಿಟ್ಟೆನಲ್ಲೇ" ಎಂದಳು.

ಅಂದು ಸಂಜೆ ಅವಳು ಬಾಲ ಸುಟ್ಟ ಬೆಕ್ಕಿನ ಹಾಗೆ ಮನೆಯೆಲ್ಲ ತಿರುಗಿದಳು. ತೊಳೆದ ತಟ್ಟೆಗಳನ್ನೇ ಮತ್ತೆ ತೊಳೆದಳು, ಮಡಚಿಟ್ಟ ಹೊದಿಕೆಯನ್ನು ಬಿಚ್ಚಿ ಮಡಚಿದಳು, ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ. ಅಣ್ಣ ಕಾಲು ಮೇಲೆತ್ತಿಕೊಂಡು ಕೂತು, "ಏನಾಗಿದೆ ಇವಳಿಗೆ?" ಎಂದು ನನ್ನನ್ನು ಕೇಳಿದ.

ಸರಾಸರಿ ಮೇಷ್ಟ್ರಿಗೆ ಫೋನ್ ಮಾಡಿದಳು. ಅವರು ಕೂಗಿದ್ದು ನನಗೂ ಕೇಳಿಸಿತು. "ಅಮ್ಮಾ ತಾಯಿ, ನೀನೊಬ್ಬಳು ಬಾಯಿ ಬಿಟ್ರೆ ಎಲ್ಲರ ತೇಪೆನೂ ಬಿಚ್ಚಿ ನೋಡ್ತಾರೆ. ಮಕ್ಕಳು ಮರಿ ಇರೋರು ಇದ್ದಾರೆ. ಹೊಟ್ಟೆಗೆ ಹಾಕ್ಕೊಂಡು ಸುಮ್ಮನಿರು."

ನಾನು ಹೇಳಿದ್ದೂ ಅದನ್ನೇ. ಬರೆದೇಬಿಡುತ್ತೇನೆ, ಮುಚ್ಚಿಟ್ಟು ಏನಾಗಬೇಕಿದೆ. "ಮಾವನಿಗೆ ನೀನಿದ್ದೀಯಲ್ಲ ದಾಟಿಸೋಕೆ. ಒಂಬತ್ತು ಸೆಕೆಂಡಾದ್ರೇನು, ತೊಂಬತ್ತಾದ್ರೇನು?" ಎಂದೆ.

ಅವಳು ನಿಂತಳು. "ಎಣಿಕೆ ಮುಗೀತು ಕಣೆ. ನಾಳೆಯಿಂದ ನಾನು ಅಲ್ಲಿ ಇರಲ್ಲ. ನಾನಿಲ್ಲದ ಚೌಕಗಳು ಎಷ್ಟಿವೆ ಹೇಳು ಐದು ದೇಶದಲ್ಲಿ?"

"ಕೆಲಸ ಹೋಗುತ್ತೆ."

"ಹೋದ್ರೆ ಹೋಯ್ತು. ನನ್ನಿಂದ ಹೋಗದ ಕೆಲಸ ಯಾವುದಿದೆ ಹೇಳು?"

ಮಾರನೇ ದಿನ ಸಭೆಯ ಕೊನೆಯ ಕಲಾಪ. ಸಂಶೋಧಕಿ, ಇಂಜಿನಿಯರ್, ನಾಲ್ಕಾರು ಅಧಿಕಾರಿಗಳು. ಅತ್ತಿಗೆ ಬಾಗಿಲು ತಳ್ಳಿಕೊಂಡು ಒಳಹೋದಳು, ಅವಳ ಹಿಂದೆ ನಾನು. ತೇಪೆಯ ವಿಷಯ, ರಸ್ತೆಗೆ ಇಳಿಯುತ್ತಿದ್ದ ವಿಷಯ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಇಂಜಿನಿಯರ್ ಸಂಶೋಧಕಿಯ ಕಡೆ ತಿರುಗಿ ಎರಡೇ ವಾಕ್ಯದಲ್ಲಿ ಏನೋ ಹೇಳಿದ. ಅವಳು ನಕ್ಕು ಅತ್ತಿಗೆಯ ಕೈ ಕುಲುಕಿದಳು. ಇಷ್ಟು ದೊಡ್ಡ ತಪ್ಪು ಒಪ್ಪಿಕೊಂಡವಳ ಕೈಯನ್ನು ಯಾರು ಹಾಗೆ ಕುಲುಕುತ್ತಾರೆ?

"ಏನ್ ಹೇಳಿದ್ರಿ ಅವರಿಗೆ?" ಎಂದು ಅತ್ತಿಗೆ ಕೇಳಿದಳು.

"ನಿಮಗೆ ಈ ಕೆಲಸ ತುಂಬಾ ಇಷ್ಟ ಆಯ್ತು, ಧನ್ಯವಾದ ಹೇಳಕ್ಕೆ ಬಂದಿದ್ದೀರಿ ಅಂದೆ. ದಯವಿಟ್ಟು ಹೋಗಿ" ಎಂದ ಇಂಜಿನಿಯರ್. ಅವನ ಹಣೆಯಲ್ಲಿ ಬೆವರಿತ್ತು.

ಗೋಡೆಯ ಬಿಳಿ ಹಲಗೆಯ ಮೇಲೆ ಚೌಕದ ಅಂಕಿಗಳನ್ನೆಲ್ಲ ಬರೆದಿದ್ದರು. ಅತ್ತಿಗೆ ಹೋಗಿ ಪೆನ್ನು ತೆಗೆದುಕೊಂಡಳು. ನಾಲ್ಕೂಕಾಲರ ಸಾಲಿನಲ್ಲಿ ತನ್ನ ನಾಲ್ಕನ್ನು ಹೊಡೆದುಹಾಕಿ ಪಕ್ಕದಲ್ಲಿ ಹದಿನೇಳು ಎಂದು ಬರೆದಳು. ಅದರ ಕೆಳಗಿನ ದಿನದ ನಾಲ್ಕನ್ನು ಹೊಡೆದು ಹದಿನಾರು ಎಂದು ಬರೆದಳು. ಆಮೇಲೆ ತಿರುಗಿ, ಎಡಗಾಲನ್ನು ಎಳೆದುಕೊಂಡು ಆ ಕೋಣೆಯನ್ನು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ದಾಟಿ ತೋರಿಸಿದಳು. ಮಾವ ನಡೆಯುವ ಹಾಗೆಯೇ, ಅಷ್ಟೇ ಹೊತ್ತು ತೆಗೆದುಕೊಂಡು. ಸಂಶೋಧಕಿಯ ಮುಖದಿಂದ ನಗು ಇಳಿದುಹೋಯಿತು. ಅವಳು ಇಂಜಿನಿಯರ್‌ಗೆ ಏನೋ ಗಟ್ಟಿಯಾಗಿ ಹೇಳಿದಳು, ಈ ಸಲ ಅವನು ಒಂದಕ್ಷರ ಬಿಡದೆ ಎಲ್ಲವನ್ನೂ ಅವಳಿಗೆ ಒಪ್ಪಿಸಿದ.

ಸಂಶೋಧಕಿ ಮೂಗು ಒರೆಸಿಕೊಂಡಳು. ಆಮೇಲೆ ಹೇಳಿದಳು: ನೆನಪಿನ ಅಂಕಿಯನ್ನು ತಾನು ತೆಗೆದುಕೊಳ್ಳಲಾರೆ. ಯಂತ್ರದ ಅಂಕಿಯನ್ನೂ ತೆಗೆದುಕೊಳ್ಳಲಾರೆ, ಪರೀಕ್ಷೆಗೆ ಕೂತಿರುವುದೇ ಅದು. ನಾಳೆ ಸಂಜೆ ತಾನು ವಿಮಾನ ಹತ್ತಬೇಕು. ಅಷ್ಟರೊಳಗೆ ಮೂರೂವರೆಯಿಂದ ನಾಲ್ಕೂವರೆಯವರೆಗೆ ಒಂದು ಗಂಟೆ, ತನ್ನ ಕಣ್ಣೆದುರು, ಯಾರೂ ಏಳದ, ಯಾರೂ ಕೈ ಅಡ್ಡ ಹಾಕದ ಒಂದು ಎಣಿಕೆ ಬೇಕು. ದಾಟುವವರಿಗೆ ಮೊದಲೇ ತಿಳಿಸಬಾರದು, ತಿಳಿಸಿದರೆ ನಡಿಗೆ ಬದಲಾಗುತ್ತದೆ. ಅಪಾಯವಾಗುವ ಹಾಗಿದ್ದರೆ ತಾನೇ ಸೀಟಿ ಊದುತ್ತೇನೆ. ಬೇರೆ ಯಾರನ್ನಾದರೂ ಕೂರಿಸೋಣವೇ?

"ಬೇಡ" ಎಂದಳು ಅತ್ತಿಗೆ. "ಕೆಡಿಸಿದೋಳು ನಾನು. ನಾನೇ ಕೂರ್ತೀನಿ."

ಆ ಎಣಿಕೆಯಿಂದ ಏನಾಯಿತೆಂದು ಮೊದಲೇ ಹೇಳಿ ಮುಗಿಸುತ್ತೇನೆ, ಏಕೆಂದರೆ ನನಗೆ ಹೇಳಬೇಕಿರುವುದು ಅದಲ್ಲ. ಒಂಬತ್ತು ಸೆಕೆಂಡಿನ ಮಾತು ಬಿದ್ದುಹೋಯಿತು. ನೆರಳಿನ ಪಾಠವನ್ನು ಐದೂ ದೇಶಗಳಲ್ಲಿ ವಾಪಸು ಪಡೆದರು. ಈಗ ಆ ಚೌಕದ ಸಿಗ್ನಲ್ ದಾಟುವವರನ್ನು ನೋಡಿ ಇಪ್ಪತ್ತಾರು ಸೆಕೆಂಡಿನವರೆಗೂ ಕಾಯುತ್ತದೆ. ನಮ್ಮೆಲ್ಲರ ತೇಪೆಗಳನ್ನೂ ಬಿಚ್ಚಿ ನೋಡಿದರು. ನಾನೂ ಅತ್ತಿಗೆಯೂ ಸೇರಿ ಆರು ಜನರನ್ನು ಮನೆಗೆ ಕಳಿಸಿದರು, ಸರಾಸರಿ ಮೇಷ್ಟ್ರನ್ನು ಉಗ್ರಾಣಕ್ಕೆ ಎತ್ತಂಗಡಿ ಮಾಡಿದರು. ಅವರು ಈಗಲೂ ನಮ್ಮನ್ನು ಕಂಡರೆ ಮುಖ ತಿರುಗಿಸುತ್ತಾರೆ, ತಿರುಗಿಸಲಿ. ಐದು ದೇಶದವರು ಬರೆದ ಪ್ರಬಂಧದಲ್ಲಿ ಒಂದು ಕಡೆ ಸಣ್ಣ ಅಕ್ಷರದಲ್ಲಿ, ಒಂದು ಸಾಲನ್ನು ಮರಳಿ ಎಣಿಸಲಾಗಿದೆ ಎಂದಿದೆಯಂತೆ. ಅತ್ತಿಗೆ ಈಗ ಪಾರ್ಸೆಲ್ ಹಂಚುವ ಕೆಲಸದಲ್ಲಿದ್ದಾಳೆ, ದಿನವಿಡೀ ನಡೆಯುತ್ತಾಳೆ, ಇಷ್ಟು ದಿನ ಬಿಡದೆ ಮಾಡಿದ ಕೆಲಸ ಅದೊಂದೇ.

ನಾನು ಹೇಳಬೇಕೆಂದಿದ್ದು ಆ ಕಾಲು ಗಂಟೆಯನ್ನು.

ಮಾರನೇ ದಿನ ಮೂರೂವರೆಗೆ ನಾವು ನಮ್ಮ ನಮ್ಮ ಕುರ್ಚಿಗಳಲ್ಲಿ ಕೂತೆವು. ಸಂಶೋಧಕಿ ಅತ್ತಿಗೆಯ ಹಿಂದೆ ನಿಂತಿದ್ದಳು, ಕೊರಳಲ್ಲಿ ಸೀಟಿ. ಒಂದು ಬಸ್ಸು ಸರಿದು ದಾರಿ ತೆರವಾದಾಗ ರಸ್ತೆಯಾಚೆ ನೋಡಿದೆ. ಅತ್ತಿಗೆ ಬಗ್ಗಿ, ಹಲಗೆಗೆ ಪೆನ್ನು ಕಟ್ಟಿದ್ದ ದಾರವನ್ನು ಬಿಚ್ಚಿ, ತನ್ನ ಬಲಗಾಲನ್ನು ಕುರ್ಚಿಯ ಕಾಲಿಗೆ ಸುತ್ತಿ ಸುತ್ತಿ ಕಟ್ಟಿಕೊಳ್ಳುತ್ತಿದ್ದಳು. ತನ್ನ ಮೇಲೆ ತನಗೇ ನಂಬಿಕೆ ಇರಲಿಲ್ಲ.

ನಾಲ್ಕೂಕಾಲಕ್ಕೆ ಕೇಂದ್ರದ ಬಾಗಿಲು ತೆರೆಯಿತು. ಅವರೆಲ್ಲ ಬಂದು ನನ್ನ ಕುರ್ಚಿಯ ಪಕ್ಕದಲ್ಲೇ ರಸ್ತೆಯಂಚಿಗೆ ನಿಂತರು. ಹಸಿರು ಬಂತು. ಯಾರೂ ಇಳಿಯಲಿಲ್ಲ, ಎಲ್ಲರೂ ಅತ್ತಿಗೆಯನ್ನು ಕಾಯುತ್ತಿದ್ದರು. ಮಾವ ಕೋಲು ಮೇಲೆತ್ತಿ ತೋರಿಸಿದರು. ಅವಳು ಏಳಲಿಲ್ಲ. ಹಸಿರು ಹೋಯಿತು.

"ಅವಳು ಯಾಕೆ ಕೂತಿದ್ದಾಳೆ?" ಎಂದು ಮಾವ ನನ್ನನ್ನು ಕೇಳಿದರು.

ನಾನು ಮಾತಾಡುವಂತಿರಲಿಲ್ಲ. ಕಾರು, ಕಟಕ್. ಕಾರು, ಕಟಕ್.

"ನಿನ್ನೇ ಕೇಳ್ತಿರೋದು. ಯಾಕೆ ಹಾಗೆ ಕೂತಿದ್ದಾಳೆ ಅವಳು?"

ಬಸ್ಸು, ಕಟಕ್. ನಾನು ಅವರ ಮುಖ ನೋಡಲಿಲ್ಲ. ನೋಡಿದ್ದರೆ ಹೇಳಿಬಿಡುತ್ತಿದ್ದೆ.

ಮತ್ತೆ ಹಸಿರು ಬಂದಾಗ ಮಾವ ಎಲ್ಲರಿಗಿಂತ ಮೊದಲು ರಸ್ತೆಗೆ ಇಳಿದರು. ಅವರು ಅಷ್ಟು ಬೇಗ ನಡೆದದ್ದನ್ನು ನಾನು ಒಂದೂವರೆ ವರ್ಷದಲ್ಲಿ ನೋಡಿರಲಿಲ್ಲ. ಕೋಲು ಒಂದು ಕಡೆ, ಕಾಲು ಒಂದು ಕಡೆ, ಅಂಗಿ ಹೊರಬಂದು ಜೋಲಾಡುತ್ತಿತ್ತು. ಅವರ ಹಿಂದೆ ಉಳಿದವರೂ ಇಳಿದರು. ಹದಿನಾಲ್ಕು ಸೆಕೆಂಡು ಮುಗಿದಾಗ ಮಾವ, ಗುಮಾಸ್ತ, ದರ್ಜಿಯಮ್ಮ, ಇನ್ನೂ ಎಂಟು ಜನ ನಡುರಸ್ತೆಯ ಬಿಳಿ ಗೆರೆಯ ಮೇಲಿದ್ದರು. ವಾಹನಗಳು ಹೊರಟುಬಿಟ್ಟವು. ಅವರ ಮುಂದೊಂದು ಸಾಲು, ಹಿಂದೊಂದು ಸಾಲು, ಹಾರ್ನ್‌ಗಳು. ಒಂದು ಸ್ಕೂಟರ್ ಮಾವನ ಕೋಲಿಗೆ ತಾಗಿಕೊಂಡು ಹೋಯಿತು, ಕೋಲು ಕೆಳಗೆ ಬಿತ್ತು. ಅವರಿಗೆ ಬಗ್ಗಲು ಆಗುವುದಿಲ್ಲ. ಗುಮಾಸ್ತ ತನ್ನ ಕಬ್ಬಿಣದ ಆಸರೆಯನ್ನು ಅವರ ಕಡೆಗೂ ಸ್ವಲ್ಪ ಸರಿಸಿದ. ಇಬ್ಬರೂ ಒಂದೇ ಆಸರೆಯನ್ನು ಹಿಡಿದುಕೊಂಡು ನಿಂತರು.

ಕೂತರೆ ಏಳದ ನಾನು ಎದ್ದುಬಿಟ್ಟಿದ್ದೆ. ಅತ್ತಿಗೆ ಅಲ್ಲಿಂದಲೇ ನನ್ನನ್ನು ನೋಡಿ ತಲೆಯಾಡಿಸಿದಳು, ಬೇಡ ಎಂದು. ಅವಳ ಹೆಬ್ಬೆರಳು ಗುಂಡಿಯನ್ನು ಒತ್ತುತ್ತಿತ್ತು. ಮಧ್ಯದಲ್ಲಿ ಸಿಕ್ಕಿಕೊಂಡವರು: ಹನ್ನೊಂದು. ಅದರಲ್ಲಿ ಯಾವ ಒತ್ತು ತನ್ನ ಅಪ್ಪನದೆಂದು ಅವಳಿಗೆ ಗೊತ್ತಿರಲೇಬೇಕು. ನಾನು ಕೂತೆ. ಕೂರುವುದು ಅಷ್ಟು ಕಷ್ಟವೆಂದು ನನಗೆ ಅಂದೇ ತಿಳಿದದ್ದು.

ಸಂಶೋಧಕಿ ಸೀಟಿಯನ್ನು ತುಟಿಗೆ ಇಟ್ಟುಕೊಂಡಿದ್ದಳು. ಊದಲಿಲ್ಲ.

ಮೂರನೇ ಹಸಿರಿಗೆ ಅವರು ದಾಟಿದರು. ಯಾರೋ ಮಾವನ ಕೋಲನ್ನು ಎತ್ತಿಕೊಟ್ಟರು. ಉಳಿದವರು ಬಸ್ ನಿಲ್ದಾಣದ ಬೆಂಚಿನ ಮೇಲೆ ಕುಸಿದರು. ಮಾವ ನೇರ ಅತ್ತಿಗೆಯ ಕುರ್ಚಿಯ ಮುಂದೆ ಬಂದು ನಿಂತದ್ದು ನನಗೆ ಕಂಡಿತು. ಇನ್ನೂ ಎಂಟು ನಿಮಿಷ ಬಾಕಿಯಿತ್ತು. ಅವಳು ಅವರ ಪಕ್ಕದಿಂದ ರಸ್ತೆಯನ್ನೇ ನೋಡುತ್ತಾ ಗುಂಡಿ ಒತ್ತುತ್ತಿದ್ದಳು, ಮಾತಾಡಲಿಲ್ಲ. ಮಾವ ಅವಳ ಮುಖದ ಹತ್ತಿರಕ್ಕೆ ಬಾಗಿದರು, ಬಗ್ಗಲಾರದ ಮನುಷ್ಯ. ಏನೋ ಹೇಳಿದರು. ಮತ್ತೆ ಹೇಳಿದರು. ಬಯ್ಯುತ್ತಿದ್ದಾರೆ ಎಂದುಕೊಂಡೆ. ಬಯ್ಯಲಿ, ಅವರಿಗೆ ಆ ಹಕ್ಕಿದೆ ಎಂದುಕೊಂಡೆ.

ನಾಲ್ಕೂವರೆಗೆ ಸಂಶೋಧಕಿಯ ಗಡಿಯಾರ ಕೂಗಿತು. ನಾನು ಹಲಗೆ ಎಸೆದು ರಸ್ತೆ ದಾಟಿ ಓಡಿದೆ.

ಮಾವ ಬಯ್ಯುತ್ತಿರಲಿಲ್ಲ. ಕೇಂದ್ರದಲ್ಲಿ ರೋಗಿಗಳಿಗೂ ಮನೆಯವರಿಗೂ ಒಂದು ಪರೀಕ್ಷೆ ಹೇಳಿಕೊಡುತ್ತಾರೆ. ಯಾರಿಗಾದರೂ ಪಾರ್ಶ್ವವಾಯು ಬಡಿದಿದೆಯೋ ಎಂಬ ಅನುಮಾನ ಬಂದರೆ ನಗಲು ಹೇಳಬೇಕು, ಎರಡೂ ಕೈ ಎತ್ತಲು ಹೇಳಬೇಕು, ಮಾತಾಡಿಸಬೇಕು. ಮಾವ ಅದನ್ನೇ ಮಾಡುತ್ತಿದ್ದರು. ಎಂಟು ನಿಮಿಷದಿಂದ ಅದನ್ನೇ ಹೇಳುತ್ತಿದ್ದರು. ಹುಟ್ಟಿದಾಗಿನಿಂದ ಒಂದು ಕಡೆ ಕೂರದ ಮಗಳು ಕೂತಿದ್ದಾಳೆ, ಕರೆದರೆ ಏಳುವುದಿಲ್ಲ, ಮಾತಾಡಿಸಿದರೆ ಮಾತಾಡುವುದಿಲ್ಲ, ಒಂದು ಕಾಲನ್ನು ಕುರ್ಚಿಗೆ ಸೇರಿಸಿ ಕಟ್ಟಿದ್ದಾರೆ. ತನಗಾದದ್ದೇ ಅವಳಿಗೂ ಆಗಿದೆ ಎಂದು ಅವರು ರಸ್ತೆಯಾಚೆಯಿಂದಲೇ ತಿಳಿದಿದ್ದರು.

"ನಗಮ್ಮ" ಎನ್ನುತ್ತಿದ್ದರು ಮಾವ. "ಒಂದ್ಸಲ ನಗು, ನೋಡೋಣ."

ಅತ್ತಿಗೆ ಗುಂಡಿಗಳ ಹಲಗೆಯನ್ನು ಮೆಲ್ಲಗೆ ನೆಲಕ್ಕಿಟ್ಟಳು. ನಗಲು ಹೋದಳು, ಅದು ಅಳುವಾಯಿತು. ಅಳುವಾದದ್ದಕ್ಕೆ ಅವರು ಇನ್ನೂ ಹೆದರಿದರು.

"ಏನೂ ಆಗಿಲ್ಲ ಅಪ್ಪ ನಂಗೆ. ಏನೂ ಆಗಿಲ್ಲ."

"ಕೈ ಎತ್ತು. ಎರಡೂ ಎತ್ತು."

ಅವಳು ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದಳು. ನಾನು ನೆಲಕ್ಕೆ ಕೂತು ಅವಳ ಕಾಲಿನ ದಾರ ಬಿಚ್ಚತೊಡಗಿದೆ, ಗಂಟು ಬಿಗಿದುಕೊಂಡು ಬರುತ್ತಿರಲಿಲ್ಲ. ಮಾವ ಅವಳ ಒಂದು ಕೈಯನ್ನು ನೋಡಿ ಇನ್ನೊಂದನ್ನು ನೋಡಿದರು. ಎರಡೂ ಒಂದೇ ಎತ್ತರದಲ್ಲಿದ್ದವು. ಆದರೂ ಅವರಿಗೆ ನಂಬಿಕೆ ಬರಲಿಲ್ಲ.

"ಎಡಗೈ ಇನ್ನೊಂದ್ಸಲ" ಎಂದರು.

ಅತ್ತಿಗೆ ಎಡಗೈಯನ್ನು ಇಳಿಸಿ ಇನ್ನೊಮ್ಮೆ ಎತ್ತಿದಳು.